ಸ್ಪಿರಿಟ್ ಕಾರಿನ ಪುಟ್ಟ ಬಾಟಲಿ

ಮೆಕ್ಯಾನಿಕ್ ಕೆಲಸಕ್ಕೆ ಹೊಸದಾಗಿ ಕೈ ಹಾಕುತ್ತಿರುವ ಮಕ್ಕಳೇ, ರಾಮನಗರದ ಮೈಸೂರು ರಸ್ತೆಯಲ್ಲಿ ಮೂವತ್ತು ವರ್ಷ ಗ್ಯಾರೇಜು ನಡೆಸಿದವನು ನಾನು, ಪುಟ್ಟಸ್ವಾಮಿ. ಗಾಡಿ ಇನ್ನೂ ಪೆಟ್ರೋಲ್ ಬಂಕಿನ ತಿರುವಿನಲ್ಲಿ ಇರುವಾಗಲೇ ಅದರ ಸದ್ದು ಕೇಳಿ ರೋಗ ಹೇಳುತ್ತಿದ್ದೆ. ಈಗ ಕಂಪ್ಯೂಟರ್ ಸಿಕ್ಕಿಸಿ ರೋಗ ಕೇಳುತ್ತೀರಿ. ಕೇಳಿ, ಪಾಪ, ನಿಮಗೆ ಕಿವಿ ಕೊಟ್ಟ ದೇವರು ಅದರ ಉಪಯೋಗ ಹೇಳಿಕೊಡಲಿಲ್ಲ.

ನನಗೆ ಇನ್ನೊಂದು ಹೆಸರೂ ಇತ್ತು, ಕಿತಾಪತಿ ಪುಟ್ಟಸ್ವಾಮಿ. ಗಿರಾಕಿಯ ಸ್ಕೂಟರಿನ ಹಾರ್ನಿನ ವೈರನ್ನು ಬ್ರೇಕಿನ ಸ್ವಿಚ್ಚಿಗೆ ಕೊಟ್ಟು ಕಳಿಸಿದವನು ನಾನೇ. ಆತ ಬಸ್‌ಸ್ಟ್ಯಾಂಡಿನ ತನಕ ಬ್ರೇಕ್ ಹಿಡಿದಾಗಲೆಲ್ಲ ಕಿರುಚಿಸಿಕೊಂಡು ಹೋದ. ಇಂಥವು ನೂರಿವೆ. ಅವನ್ನೆಲ್ಲ ಬರೆದು ನಿಮ್ಮನ್ನು ನಗಿಸಬಹುದಿತ್ತು. ಆದರೆ ಇಲ್ಲಿ ಬರೆಯುತ್ತಿರುವುದು ನನ್ನ ಕೈಯಲ್ಲಿ ತಯಾರಾದ ಅತ್ಯುತ್ತಮ ಕಾರಿನ ಬಗ್ಗೆ. ಅದು ಒಂದೇ ಒಂದು ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲ. ಅಂದೇ ಜಯಮ್ಮ ಎಂಬ ಹೆಂಗಸಿಗೆ ಉಸಿರು ಕಟ್ಟಿತ್ತು.

ಮೊದಲು ನನ್ನ ಉಸ್ತಾದರ ವಿಷಯ. ರಹಮತ್ ಸಾಬರು ಕನಕಪುರದಲ್ಲಿ ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವರು. ಓದು ಬರಹ ಬಾರದು. ಅದಕ್ಕೆ ಗ್ಯಾರೇಜಿನ ಪ್ರತಿ ಬಾಟಲಿಯ ಕುತ್ತಿಗೆಗೂ ನೂಲು ಕಟ್ಟುತ್ತಿದ್ದರು. ರೇಷ್ಮೆ ಹುರಿ ಮಾಡುವ ಕಡೆಯಿಂದ ಚೂರುಪಾರು ಬಣ್ಣದ ನೂಲು ತರುತ್ತಿದ್ದರು. ಕೆಂಪು ಎಂದರೆ ಪೆಟ್ರೋಲು, ಬಿಳಿ ಎಂದರೆ ನೀರು, ಕಪ್ಪು ಎಂದರೆ ಬ್ರೇಕ್ ಆಯಿಲು.

"ಹೆಸರು ಬರೆದ್ರೆ ಎಣ್ಣೆ ಕೈ ತಾಗಿ ಅಳಿಸೋಯ್ತದೆ ಕಣ್ಲಾ ಪುಟ್ಟ. ನೂಲು ಅಳಿಸಲ್ಲ. ಆದ್ರೆ ನೂಲು ಕಟ್ಟೋ ಕೈ ನೆಟ್ಟಗಿರಬೇಕು, ಅಷ್ಟೆ" ಅನ್ನುತ್ತಿದ್ದರು.

ನನ್ನದೇ ಗ್ಯಾರೇಜು ಹಾಕಿದ ಮೇಲೂ ಆ ಪದ್ಧತಿ ಬಿಡಲಿಲ್ಲ. ನನ್ನ ಗಿರಾಕಿಗಳಿಗೂ ಅದು ಬಾಯಿಪಾಠವಾಗಿತ್ತು. ಕೆಂಪು ನೂಲು ಕಂಡರೆ ಬೀಡಿ ಆರಿಸಿ ಒಳಗೆ ಬರುತ್ತಿದ್ದರು.

ಆ ವರ್ಷಗಳಲ್ಲಿ ಬಿಡದಿ ಕಡೆಯಿಂದ ಕಾರ್ಖಾನೆಗಳು ಒಂದೊಂದಾಗಿ ರಸ್ತೆಗುಂಟ ಇಳಿದು ಬರುತ್ತಿದ್ದವು. ಹೊಲ ಮಾರಿದವರ ಮನೆ ಮುಂದೆ ಹೊಸ ಕಾರು, ಕಾರು ಬಂದವರೆಲ್ಲ ನನ್ನ ಗ್ಯಾರೇಜಿಗೆ. ಅವರಲ್ಲಿ ಹೊಲ ಮಾರದೆ ಕಾರು ಇಟ್ಟವನು ಒಬ್ಬನೇ, ಚಂದ್ರು. ಕೈಲಾಂಚದ ಆಚೆ ಅವನ ಮಾವಿನ ತೋಟ, ತೋಟದ ನಡುವೆ ಮನೆ. ಊರಿನಿಂದ ಮಣ್ಣಿನ ದಾರಿಯಲ್ಲಿ ಎರಡು ಮೈಲಿ. ಓಡಾಟಕ್ಕೆ ಒಂದು ಹಳೆ ಜೀಪು, ಹುಚ್ಚಿಗೆ ಒಂದು ರ‍್ಯಾಲಿ ಕಾರು. ವರ್ಷಕ್ಕೆ ಎರಡು ಮೂರು ಸಲ ಆ ಕಾರನ್ನು ಗುಡ್ಡಗಾಡಿನ ಸ್ಪರ್ಧೆಗಳಿಗೆ ಒಯ್ದು ಬಂಪರು ಕಳಚಿಕೊಂಡು ಬರುತ್ತಿದ್ದ.

ಅವನ ಹೆಂಡತಿ ಜಯಮ್ಮ. ನನ್ನ ಕಿತಾಪತಿಗೆ ತಿರುಗಿಸಿ ಕೊಟ್ಟವಳು ನಾಲ್ಕು ತಾಲ್ಲೂಕಿನಲ್ಲಿ ಅವಳೊಬ್ಬಳೇ. ಒಮ್ಮೆ ನನ್ನ ಕಾಫಿಗೆ ಉಪ್ಪು ಹಾಕಿ ಕೊಟ್ಟಳು. ಸೋಲೊಪ್ಪಬಾರದೆಂದು ಮುಖ ಕಿವುಚದೆ ಕುಡಿದು ಮುಗಿಸಿದೆ. "ಇನ್ನೊಂದು ಲೋಟ ಕೊಡ್ಲಾ ಅಣ್ಣ?" ಅಂದಳು. ಅವಳಿಗೆ ಉಬ್ಬಸವಿತ್ತು. ಮಾವು ಹೂ ಬಿಡುವ ಕಾಲಕ್ಕೆ ಶುರುವಾಗಿ ಚಳಿ ಜೋರಾದಾಗ ಎದೆ ಕಟ್ಟುತ್ತಿತ್ತು. ಆಗ ಚಂದ್ರು ಜೀಪಿನಲ್ಲಿ ರಾಮನಗರದ ಆಸ್ಪತ್ರೆಗೆ ಓಡಿಸುತ್ತಿದ್ದ. ವರ್ಷಕ್ಕೊಂದು ಸಲ ಇದ್ದದ್ದೇ.

ಒಂದು ದಿನ ಚಂದ್ರು ಪತ್ರಿಕೆಯೊಂದನ್ನು ಮಡಿಚಿಕೊಂಡು ಬಂದ. ಪೆಟ್ರೋಲಿಗೆ ಕಬ್ಬಿನ ಎಥನಾಲ್ ಬೆರೆಸುವ ಸುದ್ದಿ ಅದರಲ್ಲಿತ್ತು.

"ಅಣ್ಣ, ಬೆರೆಸೋದೇನು, ಪೂರ್ತಿ ಅದ್ರಲ್ಲೇ ಓಡಿಸಾನ. ಆಗ್ತದಾ?"

"ಆಗ್ದೇ ಇರೋಕೆ ನಿನ್ನ ಗಾಡಿ ಬೇರೆ ಯಾರ್ ಹತ್ರ ಐತೆ ಅಂದ್ಕಂಡಿದ್ದೀಯ?" ಅಂದೆ. ಎಥನಾಲನ್ನು ಅಂದಿನ ತನಕ ನಾನು ಕಂಡೂ ಇರಲಿಲ್ಲ.

ಅವನ ಪರಿಚಯದ ಮೇಷ್ಟ್ರೊಬ್ಬರು ಎಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟ್ ಎಂದು ಕಾಗದ ಮಾಡಿಸಿದರು. ಅಬಕಾರಿ ಪರವಾನಗಿ ಸಿಕ್ಕಿತು. ಡಿಸ್ಟಿಲರಿಯಿಂದ ಡ್ರಮ್ಮಿನಲ್ಲಿ ಸ್ಪಿರಿಟ್ ಬಂತು. ಯಾರೂ ಕುಡಿಯದಂತೆ ಅದಕ್ಕೆ ತುಸು ಪೆಟ್ರೋಲ್ ಬೆರೆಸಿದ್ದರು. ಪರೀಕ್ಷಿಸಲು ಒಬ್ಬ ಇನ್ಸ್‌ಪೆಕ್ಟರು ಬಂದಾಗ ನಾನು ಬಾಯಿಗೆ ಲವಂಗ ಹಾಕಿಕೊಂಡು ತೂರಾಡುತ್ತಾ ಎದುರು ಹೋದೆ. ಆ ಮನುಷ್ಯ ಪೆನ್ನು ತೆಗೆದೇಬಿಟ್ಟ. ನೆಟ್ಟಗೆ ನಿಂತು ಒಂಟಿ ಕಾಲಿನಲ್ಲಿ ಇಪ್ಪತ್ತು ಎಣಿಸಿ ತೋರಿಸಿದ ಮೇಲೆ ನಕ್ಕ. ಚಂದ್ರು ನಗಲಿಲ್ಲ. "ನಿಂಗೆ ಎಲ್ಲಿ ಆಡಬೇಕು ಎಲ್ಲಿ ಆಡಬಾರ್ದು ಗೊತ್ತಾಗಲ್ವಾ ಅಣ್ಣ?" ಅಂದ. ಅವನು ಕೇಳಿದ್ದಕ್ಕೆ ಆಗಲೇ ಉತ್ತರ ಹುಡುಕಿಕೊಂಡಿದ್ದರೆ ಚೆನ್ನಾಗಿತ್ತು.

ಕೆಲಸದ ವಿಷಯ ಕೇಳಿ, ಇದು ನಿಮಗೆ ಬೇಕಾದ್ದು. ಸ್ಪಿರಿಟ್ ಪೆಟ್ರೋಲಿನಷ್ಟು ಕಾವು ಕೊಡುವುದಿಲ್ಲ, ಆದ್ದರಿಂದ ಪೆಟ್ರೋಲಿನ ಒಂದೂವರೆ ಪಟ್ಟು ಸುರಿಯಬೇಕು. ಆ ಕಾರಿಗೆ ಜೋಡಿ ಕಾರ್ಬುರೇಟರ್. ಇಂಧನ ಇಳಿಯುವ ನಾಲ್ಕು ಜೆಟ್ಟುಗಳ ತೂತನ್ನು ಕೂದಲೆಳೆಯಂಥ ಡ್ರಿಲ್ಲಿನಲ್ಲಿ ಕೈಯಿಂದಲೇ ತಿರುಗಿಸಿ ದೊಡ್ಡದು ಮಾಡಿದೆ. ಮೊದಲ ನಾಲ್ಕು ಕೆಡಿಸಿದೆ, ಮುಂದಿನ ನಾಲ್ಕೂ ಕೆಡಿಸಿದೆ. ಮೂರನೆಯ ಸಲಕ್ಕೆ ಪ್ಲಗ್ಗು ಬಿಚ್ಚಿ ನೋಡಿದರೆ ತುದಿ ಹದವಾಗಿ ಸುಟ್ಟ ಬಿಸ್ಕತ್ತಿನ ಬಣ್ಣ. ಸ್ಪಿರಿಟ್ ಹಾಕಿದರೆ ಎಂಜಿನ್ ಬೇಗ ಟಕಟಕ ಬಡಿದುಕೊಳ್ಳುವುದಿಲ್ಲ, ಹೆಚ್ಚಿನ ಒತ್ತಡ ತಡೆಯುತ್ತದೆ. ಅದಕ್ಕೆ ಸಿಲಿಂಡರ್ ಹೆಡ್ಡಿನ ತಳ ಸವೆಸಿ ಕಂಪ್ರೆಷನ್ ಏರಿಸಿದೆ, ಕಿಡಿ ಹಾರುವ ಟೈಮಿಂಗ್ ಮುಂದಕ್ಕೆ ತಂದೆ.

ನನ್ನ ಪೆದ್ದುತನವೂ ಕೇಳಿ. ಹಳೆ ರಬ್ಬರ್ ಪೈಪುಗಳನ್ನು ಹಾಗೇ ಬಿಟ್ಟಿದ್ದೆ. ಎರಡು ವಾರದಲ್ಲಿ ಅವು ನೀರಲ್ಲಿ ನೆನೆದ ಅವಲಕ್ಕಿಯಂತೆ ಉಬ್ಬಿದವು. ಟ್ಯಾಂಕಿನೊಳಗಿನ ಹಳೆಯ ತುಕ್ಕನ್ನೆಲ್ಲ ಸ್ಪಿರಿಟ್ ಕೆರೆದು ತಂದು ಫಿಲ್ಟರಿಗೆ ತುಂಬಿತು. ಮಾಗಡಿ ರಸ್ತೆಯಲ್ಲಿ, ಗುಡೇಮಾರನಹಳ್ಳಿ ಹತ್ತಿರ ಕಾರು ನಿಂತುಹೋಯಿತು. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವನೊಬ್ಬ "ಕುಡ್ಸಿ ಓಡ್ಸಿದ್ರೆ ಮನ್ಸನೇ ನಿಂತೋಯ್ತಾನೆ, ಅದು ಗಾಡಿ" ಅಂದ. ಆ ತುಕ್ಕು ತೆಗೆದ ಮೇಲೆ ಮಾತ್ರ ಕಾರು ಓಡಿತು ನೋಡಿ. ಹಿಂದೆ ನಿಂತರೆ ಆಲೆಮನೆಯ ಸಿಹಿ ಕಮಟು, ಮುಂದೆ ನಿಂತರೆ ಎದೆ ನಡುಗುವ ಸದ್ದು. ಅಂಥ ಎಂಜಿನ್ನನ್ನು ನಾನು ಮತ್ತೆ ಮಾಡಲಿಲ್ಲ.

ಒಂದು ಕೊರತೆ ಉಳಿಯಿತು. ಚಳಿಯಲ್ಲಿ ಸ್ಪಿರಿಟ್ ಆವಿಯಾಗುವುದಿಲ್ಲ, ಎಂಜಿನ್ ಹತ್ತುವುದಿಲ್ಲ. ಅದಕ್ಕೆ ಮುಂದಿನ ಗಾಜಿಗೆ ನೀರು ಚಿಮ್ಮಿಸುವ ಬಾಟಲಿ, ಪಂಪುಗಳನ್ನೇ ಬಾನೆಟ್ಟಿನ ಕೆಳಗೆ ಬೇರೆ ಕೆಲಸಕ್ಕೆ ಹಚ್ಚಿದೆ. ಬಾಟಲಿಗೆ ಪೆಟ್ರೋಲ್ ತುಂಬಿ, ಪೈಪನ್ನು ಕಾರ್ಬುರೇಟರಿನ ಬಾಯಿಗೆ ಕೊಟ್ಟೆ. ಬೆಳಿಗ್ಗೆ ಸ್ವಿಚ್ಚು ಒತ್ತಿದರೆ ನಾಲ್ಕು ಗುಟುಕು ಪೆಟ್ರೋಲ್ ಚಿಮ್ಮುತ್ತದೆ, ಅದರಲ್ಲಿ ಎಂಜಿನ್ ಎದ್ದು ಆಮೇಲೆ ಸ್ಪಿರಿಟ್ ಹಿಡಿಯುತ್ತದೆ. ಬಾಟಲಿಯದು ಹಾಲುಬಣ್ಣದ ಪ್ಲಾಸ್ಟಿಕ್ಕು, ಒಳಗೆ ಏನಿದೆಯೆಂದು ಹೊರಗೆ ಕಾಣದು. ಅದರ ಕುತ್ತಿಗೆಗೆ ಕೆಂಪು ನೂಲು ಕಟ್ಟಿದೆ.

ಬೇಸಿಗೆ, ಮಳೆಗಾಲ ಚೆನ್ನಾಗಿ ಕಳೆದವು. ಕಾರಿನ ಹೆಸರು ಹಬ್ಬಿತು. ಅದನ್ನು ಸಹಿಸದವನು ಚನ್ನಪಟ್ಟಣದ ಮೆಕ್ಯಾನಿಕ್ ಮರಿಗೌಡ. ಎಂಜಿನ್ ಕೆಲಸದಲ್ಲಿ ನನಗೆ ಸಮ ಅಂತ ಅವನೇ ಹೇಳಿಕೊಳ್ಳುತ್ತಿದ್ದ. ಚಳಿಗಾಲದ ಒಂದು ದಿನ ಗ್ಯಾರೇಜಿಗೆ ಬಂದು, ಅಲ್ಲಿ ನಿಂತಿದ್ದ ಆ ಕಾರಿನ ಬಾನೆಟ್ ಎತ್ತಿ ನೋಡಿ, ನಾಲ್ಕು ಜನರ ಮುಂದೆ ಅಂದ:

"ಏನ್ಲಾ ಪುಟ್ಟಸ್ವಾಮಿ, ಗುಟ್ಟು ಇಲ್ಲೈತೆ. ಈ ಬಾಟ್ಲಿ ಪೆಟ್ರೋಲಲ್ಲಿ ಓಡ್ಸಿ ಸ್ಪಿರಿಟ್ ವಾಸ್ನೆ ತೋರುಸ್ತೀಯ. ಈ ಕೆಂಪು ನೂಲು ಕಿತ್ತಾಕ್ಲಾ, ನಿನ್ನ ಕಾರು ಕುರಿ ಅಂಗೆ ನಿಂತ್ಕತದೆ."

"ಭಾನುವಾರ ಹನ್ನೊಂದು ಗಂಟೆಗೆ ಚಂದ್ರು ತೋಟಕ್ಕೆ ಬಾ. ನಿನ್ನ ಕೈಯಾರೆ ಸ್ಟಾರ್ಟ್ ಮಾಡುವಂತೆ" ಅಂದೆ.

ನನ್ನ ತಲೆಯಲ್ಲಿ ಆಟ ಆಗಲೇ ಸಿದ್ಧವಾಗಿತ್ತು. ಬಾಟಲಿಗೆ ನೀರು ತುಂಬಿ ಕೆಂಪು ನೂಲು ಕಟ್ಟಿರುವುದು. ಹನ್ನೊಂದರ ಬಿಸಿಲಿಗೆ, ಮೊದಲೇ ಬಿಸಿಯಾದ ಎಂಜಿನ್ನಿಗೆ ಪೆಟ್ರೋಲಿನ ಗುಟುಕು ಬೇಕಿಲ್ಲ. ಮರಿಗೌಡ ಸ್ಟಾರ್ಟ್ ಮಾಡುತ್ತಾನೆ, "ನೋಡಿ, ಪೆಟ್ರೋಲು" ಎನ್ನುತ್ತಾನೆ. ಆಗ ನಾನು ಕೆಂಪು ನೂಲಿನ ಬಾಟಲಿ ಬಿಚ್ಚಿ ಎಲ್ಲರೆದುರು ಗಟಗಟ ಕುಡಿಯಬೇಕು.

ಶನಿವಾರ ಸಂಜೆ ಅಂಥದೇ ಹೊಸ ಬಾಟಲಿ ಹಿಡಿದು ತೋಟಕ್ಕೆ ಹೋದೆ. ಚಂದ್ರು ಪಂಪ್‌ಸೆಟ್ ಕಡೆಗಿದ್ದ. ಅವನಿಗೆ ಹೇಳಲಿಲ್ಲ, ಅವನು ನಗು ತಡೆಯಲಾರದೆ ಆಟ ಕೆಡಿಸುವವನು. ಜಯಮ್ಮನಿಗೆ ಹೇಳಿದೆ. ಅವಳೇ ಗಡಿಗೆಯಿಂದ ನೀರು ತುಂಬಿಕೊಟ್ಟಳು, ಕೆಂಪು ನೂಲನ್ನು ಅವಳೇ ಗಂಟು ಹಾಕಿದಳು. ಕಾರಿನಿಂದ ಪೆಟ್ರೋಲಿನ ಬಾಟಲಿ ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡು, ಆ ಜಾಗದಲ್ಲಿ ನೀರಿನದನ್ನು ಕೂರಿಸಿದೆ.

"ಬೆಳಿಗ್ಗೆ ಇವ್ರೇನಾದ್ರೂ ಗಾಡಿ ತೆಗುದ್ರೆ ಅಣ್ಣ?" ಅಂದಳು.

"ಭಾನುವಾರ ನಿನ್ನ ಗಂಡ ಏಳು ಗಂಟೆಗೆ ಮುಂಚೆ ಎದ್ದಿದ್ದುಂಟಾ? ಏಳೂವರೆಗೆ ನಾನೇ ಬತ್ತೀನಿ. ಈ ಪೆಟ್ರೋಲಿಂದ ನಾನೇ ಸ್ಟಾರ್ಟ್ ಮಾಡಿ, ನೀರು ಚಿಮ್ಮದಂಗೆ ಪಂಪಿನ ವೈರ್ ಕಿತ್ತು, ಬಿಸಿ ಮಾಡಿ ಇಡ್ತೀನಿ."

"ಜೀಪೂ ನಿನ್ನ ಗ್ಯಾರೇಜಲ್ಲೇ ಐತಲ್ಲ."

ಇತ್ತು. ಗೇರ್‌ಬಾಕ್ಸ್ ಬಿಚ್ಚಿ ಬೆಂಚಿನ ಮೇಲೆ ಹರವಿದ್ದೆ. ಶನಿವಾರ ಮುಗಿಸಬಹುದಿತ್ತು. ಈ ಆಟದ ಸಂಭ್ರಮದಲ್ಲಿ ಸೋಮವಾರಕ್ಕೆ ತಳ್ಳಿದ್ದೆ. "ರಾಕೆಟ್ ಮಡಿಕೊಂಡವ್ರಿಗೆ ಜೀಪ್ಯಾಕವ್ವ?" ಅಂದೆ. ಅವಳು ನಕ್ಕಳು. ನಕ್ಕಾಗ ಎದೆಯಲ್ಲಿ ಸಣ್ಣಗೆ ಸಿಳ್ಳೆ ಕೇಳಿಸಿತು. ಕಿವಿ ಚೆನ್ನಾಗಿದ್ದವನು ನಾನು, ಕೇಳಿಸಿತು.

ಭಾನುವಾರ ಬೆಳಿಗ್ಗೆ ದಟ್ಟ ಮಂಜು. ಕೈ ಬೆರಳು ಸ್ಕೂಟರಿನ ಹಿಡಿಗೆ ಅಂಟಿಕೊಳ್ಳುವಂಥ ಚಳಿ. ಕೈಲಾಂಚ ದಾಟುವಾಗ ಡೈರಿಯ ಹಾಲಿನ ವ್ಯಾನು ಹಾರ್ನ್ ಒತ್ತಿಕೊಂಡೇ ಎದುರಿಗೆ ಬಂತು. ಪಕ್ಕಕ್ಕೆ ಸರಿದು, "ನಿಧಾನಕ್ಕೋಗ್ಲಾ, ಹಾಲು ಬೆಣ್ಣೆಯಾಯ್ತದೆ" ಎಂದು ಡ್ರೈವರಿಗೆ ಕೈ ಎತ್ತಿದೆ. ಅವನು ನೋಡಲಿಲ್ಲ.

ತೋಟದ ಮನೆಯ ಮುಂದೆ ಕಾರು ನಿಂತಿತ್ತು. ಬಾಗಿಲು ತೆರೆದಿತ್ತು, ಕೀಲಿ ಅದರಲ್ಲೇ. ಬ್ಯಾಟರಿ ಪೂರ್ತಿ ಇಳಿದಿತ್ತು. ಮನೆಯೊಳಗೆ ಯಾರೂ ಇಲ್ಲ. ಪಕ್ಕದ ತೋಟದ ಮುದುಕಿ ಓಡಿಬಂದು ಹೇಳಿದಳು: "ಜಯಮ್ಮಂಗೆ ಎದೆ ಕಟ್ಕತು ಕಣಪ್ಪ. ಕಾರು ಕೆಮ್ಮಿ ಕೆಮ್ಮಿ ನಿಂತೋಯ್ತು. ಚಂದ್ರು ಊರಗಂಟ ಓಡಿ ಹಾಲಿನ ವ್ಯಾನು ತಂದ."

ನಾನು ಏನು ಮಾಡಬೇಕಿತ್ತು? ವ್ಯಾನಿನ ಹಿಂದೆ ಓಡಬೇಕಿತ್ತು. ನಾನು ಮಾಡಿದ್ದು ಬೇರೆ. ಮುದುಕಿ ಅತ್ತ ತಿರುಗಿದ್ದೇ ಬಾನೆಟ್ ಎತ್ತಿದೆ. ನೀರಿನ ಬಾಟಲಿ ಅರ್ಧ ಖಾಲಿಯಾಗಿತ್ತು. ಚಂದ್ರು ಅಷ್ಟು ಸಲ ಸ್ವಿಚ್ಚು ಒತ್ತಿದ್ದ. ಅದನ್ನು ಕಿತ್ತು, ಚೀಲದಲ್ಲಿದ್ದ ಪೆಟ್ರೋಲಿನ ಬಾಟಲಿ ಕೂರಿಸಿದೆ. ನೀರನ್ನು ಮಾವಿನ ಬುಡಕ್ಕೆ ಚೆಲ್ಲಿದೆ. ಆಮೇಲೆ ಆಸ್ಪತ್ರೆಗೆ ಹೋದೆ.

ವ್ಯಾನು ಆಸ್ಪತ್ರೆಯ ಗೇಟು ಮುಟ್ಟುವ ಮೊದಲೇ ಜಯಮ್ಮ ಹೋಗಿದ್ದಳು. ಹಾಲಿನ ಕ್ಯಾನುಗಳ ನಡುವೆ ಚಂದ್ರು ಅವಳ ತಲೆ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದ. ನನ್ನನ್ನು ಕಂಡು ಅಂದ ಮೊದಲ ಮಾತು: "ಸ್ಪಿರಿಟ್ ಹುಚ್ಚು ಹತ್ತುಸ್ಕಂಡೆ ಕಣಣ್ಣ. ಪೆಟ್ರೋಲಲ್ಲೇ ಬುಟ್ಟಿದ್ರೆ ಹತ್ತಿರೋದು."

ನಾನು ಅವನ ಹೆಗಲ ಮೇಲೆ ಕೈಯಿಟ್ಟೆ.

ಮರಿಗೌಡ ಹನ್ನೊಂದಕ್ಕೆ ಸರಿಯಾಗಿ ತೋಟಕ್ಕೆ ಬಂದ. ಪಂದ್ಯಕ್ಕೆಂದು ಬಂದವನು ಚಟ್ಟಕ್ಕೆ ಬಿದಿರು ಕಡಿದ.

ತಿಥಿ ಮುಗಿದ ದಿನ ಚಂದ್ರು ನನ್ನನ್ನು ಕಾರಿನ ಹತ್ತಿರ ಕರೆದೊಯ್ದ. ರ‍್ಯಾಲಿ ಕಾರಿನ ಬಾನೆಟ್ಟಿಗೆ ಹೊರಗಡೆ ಎರಡು ಪಿನ್ ಇರುತ್ತವೆ, ಓಡುವಾಗ ತೆರೆದುಕೊಳ್ಳದಿರಲು. ಅದರಲ್ಲಿ ಒಂದನ್ನು ತೋರಿಸಿದ.

"ನಾನು ಸ್ಟಾರ್ಟ್ ಮಾಡ್ತಿದ್ದಾಗ ಜಗಲಿಯಿಂದ ಎದ್ದು ಬಂದ್ಲು. ಮಾತು ಬತ್ತಿರ್ನಿಲ್ಲ. ಬಾನೆಟ್ ಮ್ಯಾಲೆ ಕೈಯಲ್ಲಿ ಬಡಿದ್ಲು. ಬೇಗ ಮಾಡು ಅಂತಾವ್ಳೆ ಅಂದ್ಕಂಡು, ಆಯ್ತು ಕಣೆ ಆಯ್ತು ಅಂತ ಗದರಿಸ್ಬುಟ್ಟೆ. ವ್ಯಾನು ತಕಂಡು ಬಂದು ನೋಡಿದ್ರೆ ಕಾರಿಗೆ ಒರಗಿ ಕೂತವ್ಳೆ. ಈ ಪಿನ್ನು ಕಿತ್ತು ಕೈಯಲ್ಲಿ ಹಿಡ್ಕಂಡವ್ಳೆ. ಇನ್ನೊಂದು ಕೀಳೋಕಾಗಿಲ್ಲ. ಯಾಕೆ ಕಿತ್ಲು ಅಣ್ಣ?"

ಅವಳು ಕಟ್ಟಿದ ಕೆಂಪು ಗಂಟು ನನ್ನ ಕಣ್ಣಿಗೆ ಕಟ್ಟಿತು. "ಸಂಕಟದಲ್ಲಿ ಏನೋ ಹಿಡ್ಕಂಡಿರ್ತಾಳೆ ಬಿಡಪ್ಪ" ಅಂದೆ.

ಕಾರನ್ನು ಚಂದ್ರು ಗುಜರಿಗೆ ಕೊಟ್ಟ. ಆ ಎಂಜಿನ್ನನ್ನು ಸುತ್ತಿಗೆಯಲ್ಲಿ ಒಡೆಯುವುದನ್ನು ನಿಂತು ನೋಡಿದೆ. ಕಾಲೇಜಿನವರು ಪ್ರಾಜೆಕ್ಟ್ ಮುಚ್ಚಿದರು. ಚಳಿಯಲ್ಲಿ ಸ್ಪಿರಿಟ್ ಕೈ ಕೊಡುತ್ತದೆ ಎಂದು ಸುತ್ತಲಿನ ಮೆಕ್ಯಾನಿಕ್ಕುಗಳೆಲ್ಲ ಮಾತಾಡಿಕೊಂಡರು. ಕೇಳಿದವರಿಗೆ ನಾನೂ ಹೌದು ಅಂದೆ. ಅಂದರೆ ನಾನು ಮಾಡಿದ ಒಳ್ಳೆಯ ಕೆಲಸದ ಮೇಲೆಯೇ ನನ್ನ ತಪ್ಪನ್ನು ಹೊರಿಸಿದೆ. ಆ ಎಂಜಿನ್ನಿನಲ್ಲಿ ದೋಷವಿರಲಿಲ್ಲ. ಇವತ್ತು ನೀವು ಅಂಥ ಕೆಲಸಕ್ಕೆ ಕೈ ಹಾಕುವುದಾದರೆ ಹೆದರಬೇಡಿ, ಅದು ಆಗುತ್ತದೆ.

ಆಮೇಲೆ ನಾನು ಗ್ಯಾರೇಜಿನಲ್ಲಿ ಕಿತಾಪತಿ ಮಾಡಿದ್ದಿಲ್ಲ. ವಯಸ್ಸಾಯಿತು ಅಂತ ಜನ ಅಂದುಕೊಂಡರು. ಚಂದ್ರು ಮಾತ್ರ ಜೀಪನ್ನು ನನ್ನ ಹತ್ತಿರವೇ ತರುತ್ತಿದ್ದ. ಪ್ರತಿ ಸಲವೂ, ಹೊರಡುವಾಗ ಸ್ಟೀರಿಂಗ್ ಹಿಡಿದುಕೊಂಡು ಕೇಳುತ್ತಿದ್ದ: "ಆ ಪಿನ್ನು ಯಾಕೆ ಕಿತ್ಲು ಅಣ್ಣ, ನಿಂಗೇನನ್ನಿಸ್ತದೆ?" ಪ್ರತಿ ಸಲವೂ ಒಂದೊಂದು ಸುಳ್ಳು ಹೇಳುತ್ತಿದ್ದೆ. ಸುಳ್ಳು ಕಟ್ಟುವುದರಲ್ಲಿ ನನ್ನ ಸಮ ಯಾರಿದ್ದರು?

ಗ್ಯಾರೇಜು ಮುಚ್ಚಿದ ವರ್ಷ, ಇನ್ನು ಅವನು ಕೇಳಲು ಬರುವುದಿಲ್ಲ ಎಂದು ಹೊಳೆಯಿತು. ಅದರಿಂದ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಒಂದು ಬೆಳಿಗ್ಗೆ ಬಸ್ಸಿನಲ್ಲಿ ಕೈಲಾಂಚಕ್ಕೆ ಹೋಗಿ ಅಲ್ಲಿಂದ ನಡೆದೆ. ಚಂದ್ರು ಮರದ ಕೆಳಗೆ ಮಾವಿನ ಕಸಿ ಕಟ್ಟುತ್ತಿದ್ದ. ತಲೆ ನರೆತಿತ್ತು. ಕೂರಲೂ ಇಲ್ಲ, ನಿಂತೇ ಹೇಳಿದೆ. ನೀರು, ನೂಲು, ಮರಿಗೌಡ, ಬದಲಾಯಿಸಿದ ಬಾಟಲಿ, ಎಲ್ಲ.

ಅವನು ಕಸಿಯ ಕಡ್ಡಿಯನ್ನು ಕೆಳಗಿಟ್ಟ.

"ಅವ್ಳಿಗೆ ಗೊತ್ತಿತ್ತಾ?"

ಇಲ್ಲ ಅನ್ನಬಹುದಿತ್ತು. ಅದು ದಯೆಯಂತೆಯೂ ಕಾಣುತ್ತಿತ್ತು.

"ಗೊತ್ತಿತ್ತು. ನೂಲು ಕಟ್ಟಿದ್ದು ಅವ್ಳೇ."

"ಅಂಗಾದ್ರೆ ಬಾನೆಟ್ ಬಡಿದು ಅವ್ಳು ಅದ್ನೇ ನಂಗೆ ಹೇಳ್ತಾ ಇದ್ಲು" ಅಂದ. "ನಾನು ಗದರಿಸ್ದೆ."

ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು. ಅವನು ಎದ್ದು ಮನೆಯ ಹಿಂದಕ್ಕೆ ಹೋದ. ನಾನು ಹೊರಡುವುದೋ ನಿಲ್ಲುವುದೋ ತಿಳಿಯದೆ ನಿಂತೆ. ಮಾವಿನ ಎಲೆಗಳಿಂದ ಮಂಜಿನ ಹನಿ ಬೀಳುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಬಂದು ಜೀಪಿನ ಕೀಲಿಯನ್ನು ನನ್ನ ಮುಂದೆ ಹಿಡಿದ. ಕಣ್ಣು ಕೆಂಪಾಗಿತ್ತು.

"ಬ್ರೇಕ್ ಹಿಡೀತಿಲ್ಲ. ನೋಡು."

ಅವನ ಹಳೇ ಸ್ಪ್ಯಾನರುಗಳಲ್ಲೇ ಚಕ್ರ ಬಿಚ್ಚಿದೆ. ಬ್ರೇಕ್ ಪೈಪಿನಲ್ಲಿ ಗಾಳಿ ಸೇರಿತ್ತು, ತೆಗೆದೆ. ಅವನು ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತಿದ್ದ. ಶೆಡ್ಡಿನ ಗೂಡಿನಲ್ಲಿ ಬ್ರೇಕ್ ಆಯಿಲಿನ ಬಾಟಲಿ ಇತ್ತು. ಕುತ್ತಿಗೆಗೆ ಕಪ್ಪು ನೂಲು, ನಾನೇ ಯಾವ ಕಾಲದಲ್ಲೋ ಕಟ್ಟಿ ಕೊಟ್ಟಿದ್ದು. ಮುಚ್ಚಳ ತೆಗೆದು ಸುರಿಯಲು ಬಗ್ಗಿದೆ. ಚಂದ್ರು ಕೈ ಚಾಚಿದ. ಬಾಟಲಿ ಇಸಿದುಕೊಂಡು ನೂಲಿನ ಗಂಟನ್ನು ಹೆಬ್ಬೆರಳಿನಲ್ಲಿ ಒಮ್ಮೆ ಸವರಿದ. ಆಮೇಲೆ ಬಾಟಲಿಯನ್ನು ಮೂಗಿಗೆ ಹಿಡಿದು ಮೂಸಿ ನೋಡಿ, ನನ್ನ ಕೈಗೆ ಕೊಟ್ಟ.